ಕಾಲೇಜಿನೊಳಗಿನ ಲೈನುಗಳು

ಕಾಲೇಜಿಗೆ ಹೊಸದಾಗಿ ಸೇರಿದ ಅಧ್ಯಾಪಕರಿಗೆ, ಕಚೇರಿ ಸಿಬ್ಬಂದಿಗೆ, ಮೊದಲ ಸೆಮಿಸ್ಟರಿನ ಮಕ್ಕಳಿಗೆ ತಾರತಮ್ಯ ವಿರೋಧಿ ಶಿಕ್ಷಣದ ಸುತ್ತೋಲೆ ತಲುಪಿದಾಗ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ನಮ್ಮಲ್ಲಿ ಅಂಥದ್ದೇನೂ ಇಲ್ಲವಲ್ಲ.’ ಇನ್ನೊಂದು, ‘ಎಲ್ಲರನ್ನೂ ಒಂದೇ ಥರ ನೋಡಿ ಅಂತಾರೆ, ಅಷ್ಟೇ ತಾನೆ?’ ಇವು ಕೆಟ್ಟ ಮನಸ್ಸಿನವರು ಆಡುವ ಮಾತುಗಳಲ್ಲ. ಆದರೂ ಇವೆರಡೂ ಪಾಠ ಶುರುವಾಗುವ ಮೊದಲೇ ಅದನ್ನು ಮುಗಿಸಿಬಿಡುತ್ತವೆ. ಸುತ್ತೋಲೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಾವು ದಿನಾ ಓಡಾಡುವ ಊರಿನಿಂದಲೇ ಆರಂಭಿಸೋಣ. ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆ.ಜಿ.ಎಫ್.ನಲ್ಲಿ, ಬಂಗಾರಪೇಟೆಯಲ್ಲಿ ಓದುವವರಿಗೆ, ಓದಿಸುವವರಿಗೆ ಈ ವಿಷಯದ ಮೊದಲ ಪಾಠ ಮನೆಬಾಗಿಲಲ್ಲೇ ಇದೆ.

ಬಂಗಾರಪೇಟೆ ಜಂಕ್ಷನ್ನಿನಿಂದ ಕವಲೊಡೆಯುವ ರೈಲುಹಳಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಆ ಹಳಿ ಹಾಕಿದ್ದೇ ಗಣಿಗಾಗಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ, ಕೋರಮಂಡಲ್ ಎಂಬ ಜಾಗಗಳೆಲ್ಲ ಸೇರಿ ಒಂದು ಊರಾಯಿತು. ಅದು ತಾನಾಗಿ ಬೆಳೆದ ಊರಲ್ಲ, ಯಾರು ಎಲ್ಲಿರಬೇಕೆಂದು ತೀರ್ಮಾನಿಸಿ ಕಟ್ಟಿದ ಊರು. ಯುರೋಪಿಯನ್ ಅಧಿಕಾರಿಗಳಿಗೆ ತೋಟದ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಆಂಗ್ಲೋ-ಇಂಡಿಯನ್ನರು. ಎಲ್ಲರಿಗಿಂತ ಕೆಳಗೆ ಉತ್ತರ ಆರ್ಕಾಟು, ಚಿತ್ತೂರಿನ ಕಡೆಯಿಂದ ಬಂದ ಕೂಲಿ ಕಾರ್ಮಿಕರು. ಅವರಲ್ಲಿ ಬಹುಪಾಲು ದಲಿತರು. ಅವರಿಗೆ ಸಿಕ್ಕಿದ್ದು ತಟ್ಟಿ ಗೋಡೆಯ ಸಾಲುಮನೆಗಳು. ಆ ಸಾಲುಗಳನ್ನು ನಾವು ಇವತ್ತಿಗೂ ‘ಲೈನು’ ಎಂದೇ ಕರೆಯುತ್ತೇವೆ. ‘ಅವನು ಲೈನಿನ ಹುಡುಗ’ ಎಂದರೆ ವಿಳಾಸ ಹೇಳಿದಂತೆಯೂ ಆಯಿತು, ಜಾತಿ ಹೇಳಿದಂತೆಯೂ ಆಯಿತು. ‘ಕೆ.ಜಿ.ಎಫ್.’ ಸಿನಿಮಾ ನೋಡಿ ಈ ಊರನ್ನು ಬಲ್ಲೆವು ಎಂದುಕೊಂಡು ಬರುವ ಹೊರಗಿನ ಮಕ್ಕಳನ್ನು ಒಮ್ಮೆ ಲೈನುಗಳಲ್ಲಿ ನಡೆಸಿಕೊಂಡು ಬನ್ನಿ ಎಂದು ಹೊಸ ಅಧ್ಯಾಪಕರಿಗೆ ನಾನು ಹೇಳುವುದುಂಟು. ಆದರೆ ಅಲ್ಲಿ ಈಗಲೂ ಜನ ಬದುಕುತ್ತಿದ್ದಾರೆ. ಪ್ರವಾಸಿಗರಂತೆ ಫೋಟೋ ತೆಗೆಯುತ್ತ ಹೋಗಬೇಡಿ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಆ ಆಳದಲ್ಲಿ ಬಂಡೆ ಕೊರೆದು ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನನ್ನು ಮೈ ತಡಕಿ ಪರೀಕ್ಷಿಸುತ್ತಿದ್ದರು, ಚಿನ್ನ ಬಚ್ಚಿಟ್ಟುಕೊಂಡಿದ್ದಾನೇನೋ ಎಂದು. ಚಿನ್ನ ಕದ್ದವರ ಮೇಲೆ ಮಾತ್ರ ಬಿದ್ದ ಅನುಮಾನ ಇದಾಗಿರಲಿಲ್ಲ. ಕೂಲಿಯವರ ಇಡೀ ವರ್ಗವೇ ಹುಟ್ಟಾ ಕಳ್ಳರು ಎಂಬ ಎಣಿಕೆಯ ಮೇಲೆ ಕಾನೂನು, ಕಾವಲು, ಶಿಕ್ಷೆ ಎಲ್ಲವನ್ನೂ ಕಟ್ಟಲಾಗಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ದಾಖಲಿಸುವ ಹೊಸ ಪದ್ಧತಿ ಬಂದಾಗ ಸಾವಿರಾರು ಜನ ಗಣಿಗೆ ಇಳಿಯಲು ನಿರಾಕರಿಸಿದರು. ಮುಷ್ಕರ ವಾರಗಟ್ಟಲೆ ನಡೆಯಿತು. ಅಪರಾಧಿಗಳಿಂದ ತೆಗೆದುಕೊಳ್ಳುವ ಗುರುತನ್ನು ದುಡಿದು ತಿನ್ನುವವರಿಂದ ತೆಗೆದುಕೊಳ್ಳುವುದು ಅವಮಾನ ಎಂದು ಅವರಿಗೆ ಯಾವ ವಿಶ್ವವಿದ್ಯಾಲಯವೂ ಹೇಳಿಕೊಟ್ಟಿರಲಿಲ್ಲ. ಈ ಚರಿತ್ರೆಯನ್ನು ವಿವರವಾಗಿ ತಿಳಿಯಬಯಸುವವರು ಇತಿಹಾಸಕಾರ್ತಿ ಜಾನಕಿ ನಾಯರ್ ಅವರ 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಓದಬಹುದು. ನಮ್ಮ ಗ್ರಂಥಾಲಯಗಳಲ್ಲಿ ಇರಲೇಬೇಕಾದ ಪುಸ್ತಕ ಅದು.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಏರ್ಪಾಡು ನಡೆಯಲು ಪ್ರತಿಯೊಬ್ಬ ಯುರೋಪಿಯನ್ ಅಧಿಕಾರಿಯೂ ಕ್ರೂರಿಯಾಗಿರಬೇಕಿತ್ತೆ? ಬೇಕಿರಲಿಲ್ಲ. ಅವರಲ್ಲಿ ಕೂಲಿಯವರ ಮಕ್ಕಳಿಗೆ ಔಷಧ ಕೊಟ್ಟವರು, ಪ್ರೀತಿಯಿಂದ ಮಾತಾಡಿಸಿದವರು ಇದ್ದಿರಬಹುದು. ಆದರೂ ಸಂಬಳದ ಪಟ್ಟಿ ಹಾಗೆಯೇ ಇರುತ್ತಿತ್ತು, ಬಂಗಲೆಯಿಂದ ಲೈನಿಗಿದ್ದ ದೂರ ಹಾಗೆಯೇ ಇರುತ್ತಿತ್ತು, ಸಂಜೆಯ ತಪಾಸಣೆಯೂ ತಪ್ಪುತ್ತಿರಲಿಲ್ಲ. ವರ್ಣಭೇದ ಎಂದರೆ ಬೈಗುಳ, ದ್ವೇಷ, ಹೊಡೆತ ಎಂದಷ್ಟೇ ತಿಳಿದವರಿಗೆ ಇದು ಕಾಣುವುದಿಲ್ಲ. ಬೈಗುಳ ಇರುತ್ತದೆ, ಅದಕ್ಕೆ ಶಿಕ್ಷೆಯೂ ಆಗಬೇಕು. ಆದರೆ ಯಾರೂ ಬೈಯದ ದಿನವೂ ಕೆಲವರನ್ನು ಕೆಳಗೇ ಇರಿಸುವ ಏರ್ಪಾಡನ್ನು ಗುರುತಿಸಲು ಕಲಿಯುವುದೇ ಈ ಶಿಕ್ಷಣದ ಮುಖ್ಯ ಭಾಗ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಬಿಳಿಯರು ಹೋದರು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಆದರೆ ಲೈನುಗಳಲ್ಲಿ ನೀರಿಲ್ಲದ ಒಣ ಪಾಯಿಖಾನೆಗಳಿದ್ದವು, ಅವನ್ನು ಕೈಯಿಂದ ಬಳಿದು ತಲೆಮೇಲೆ ಹೊರುತ್ತಿದ್ದವರು ದಲಿತರಲ್ಲೇ ಕೆಳಗೆ ತಳ್ಳಲ್ಪಟ್ಟ ಒಂದು ಸಮುದಾಯದವರು. ಬೆಜವಾಡ ವಿಲ್ಸನ್ 1966ರಲ್ಲಿ ಹುಟ್ಟಿದ್ದು ಇದೇ ಕೆ.ಜಿ.ಎಫ್.ನಲ್ಲಿ, ಅಂಥ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ. ತನ್ನವರು ಏನು ಕೆಲಸ ಮಾಡುತ್ತಾರೆಂಬುದನ್ನು ಮನೆಯವರು ಆ ಹುಡುಗನಿಂದ ಮರೆಮಾಚಿದ್ದರು. ಸಹಪಾಠಿಗಳು ಮರೆಮಾಚಲಿಲ್ಲ, ‘ತೋಟಿ’ ಎಂದು ಕೂಗಿ ತಿಳಿಸಿದರು. ಬೆಳೆದ ಮೇಲೆ ವಿಲ್ಸನ್ ಗಣಿ ಆಡಳಿತಕ್ಕೆ ಪತ್ರ ಬರೆದರು, ಪಾಯಿಖಾನೆಗಳ ಫೋಟೋ ತೆಗೆದರು, ವಿಷಯವನ್ನು ಪತ್ರಿಕೆಗಳಿಗೆ ಮುಟ್ಟಿಸಿದರು. 1990ರ ದಶಕದಲ್ಲಿ ಇಲ್ಲಿನ ಒಣ ಪಾಯಿಖಾನೆಗಳು ನೀರಿನ ಪಾಯಿಖಾನೆಗಳಾಗತೊಡಗಿದ್ದು ಆ ಹೋರಾಟದಿಂದ. ಅಲ್ಲಿಂದ ಬೆಳೆದ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರ ಮಾರ್ಚಿನಲ್ಲಿ ತೀರ್ಪು ಬಂತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ಈ ಊರಿನ ಕಾಲೇಜುಗಳಲ್ಲಿ ಈ ಹೆಸರು ಗೊತ್ತಿಲ್ಲದೆ ಪದವಿ ಮುಗಿಸುವ ಮಕ್ಕಳಿದ್ದಾರೆ. ನನಗೆ ಅದು ನಿಜವಾಗಿಯೂ ನೋವಿನ ಸಂಗತಿ.

ಹೀಗೆ ಮೈಬಣ್ಣದ ಮೇಲುಕೀಳು, ಜಾತಿಯ ಮೇಲುಕೀಳು ಎರಡೂ ಒಂದೇ ನೆಲದಲ್ಲಿ ಒಂದರ ಕೆಳಗೊಂದು ಕೂತಿದ್ದವು. ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ವರ್ಣಭೇದ ವಿರೋಧಿ ಶಿಕ್ಷಣ ಎಂದು ನಡೆಯುವುದನ್ನು ನಮ್ಮಲ್ಲಿ ಜಾತಿಯನ್ನು ಬಿಟ್ಟು ನಡೆಸಲು ಬರುವುದಿಲ್ಲ ಎನ್ನುವುದಕ್ಕೆ ಇದೇ ಕಾರಣ. ‘ಜಾತಿ ಬೇರೆ, ಜನಾಂಗ ಬೇರೆ’ ಎಂದು ಕೆಲವರು ವಾದಿಸುತ್ತಾರೆ. ಎರಡರ ಚರಿತ್ರೆ ಬೇರೆ ಎಂಬುದು ನಿಜ. ಆದರೆ 1965ರ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ವಿರೋಧಿ ಒಪ್ಪಂದ ಬಣ್ಣ, ಜನಾಂಗಗಳ ಜೊತೆಗೆ ವಂಶಮೂಲವನ್ನೂ ಹೆಸರಿಸುತ್ತದೆ, ಅದನ್ನು ಸೇರಿಸಲು ಸೂಚಿಸಿದ್ದು ಭಾರತದ ಪ್ರತಿನಿಧಿಗಳೇ. ವಂಶಮೂಲದ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂದು ಆ ಒಪ್ಪಂದದ ಸಮಿತಿ 2002ರಲ್ಲಿ ಹೇಳಿತು, ನಮ್ಮ ಸರ್ಕಾರ ಒಪ್ಪಲಿಲ್ಲ. ಈ ನಡುವೆ ವಲಸೆ ಹೋದ ಭಾರತೀಯರ ಜೊತೆ ಜಾತಿಯೂ ಸಮುದ್ರ ದಾಟಿದ್ದರಿಂದ ಅಮೆರಿಕದ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 2022ರಲ್ಲಿ ತನ್ನ ತಾರತಮ್ಯ ನಿಷೇಧದ ನಿಯಮದಲ್ಲಿ ಜಾತಿಯನ್ನೂ ಬರೆದುಕೊಂಡಿತು.

ಇನ್ನು ಈ ಶಿಕ್ಷಣ ಮೇಲಿನಿಂದ, ಸರ್ಕಾರದಿಂದ ಬಂದದ್ದು ಎಂಬ ಭಾವನೆಗೆ ಉತ್ತರ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಲಿತ ಚಿಂತಕ ಅಯೋತಿ ದಾಸ ಪಂಡಿತರು ಮದ್ರಾಸಿನಲ್ಲಿ 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು, 1907ರಲ್ಲಿ ಒಂದು ಪೈಸೆ ಬೆಲೆಯ ‘ತಮಿಳನ್’ ವಾರಪತ್ರಿಕೆ ಆರಂಭಿಸಿದರು. ಅಸ್ಪೃಶ್ಯರೆಂದು ಕರೆಸಿಕೊಂಡವರು ಮೂಲತಃ ಬೌದ್ಧರು, ಅವರ ಕೀಳುತನ ಹುಟ್ಟಿನಿಂದ ಬಂದದ್ದಲ್ಲ, ಅವರ ಮೇಲೆ ಹೇರಿದ್ದು ಎಂಬುದು ಪಂಡಿತರ ವಾದ. ಆ ಸಂಘದ ಬಲವಾದ ಶಾಖೆಗಳು ಎಲ್ಲಿದ್ದವು ಗೊತ್ತೆ? ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ. ಗಣಿಯ ಧೂಳು ಕುಡಿದು ಬಂದವರು ಸಂಜೆ ಕೂತು ಪತ್ರಿಕೆ ಓದಿಸಿಕೊಂಡು ಕೇಳುತ್ತಿದ್ದರು. ಪುರೋಹಿತರಿಲ್ಲದೆ ಮದುವೆ ನಡೆಸುತ್ತಿದ್ದರು, ಮಕ್ಕಳಿಗೆ ಓದು ಕಲಿಸುತ್ತಿದ್ದರು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ ನಿಂತುಹೋದ ‘ತಮಿಳನ್’ಗೆ 1926ರಲ್ಲಿ ಮತ್ತೆ ಜೀವ ಕೊಟ್ಟವರು ಇಲ್ಲಿನ ಜಿ. ಅಪ್ಪಾದುರೈ, ಆಗ ಅದು ಅಚ್ಚಾದದ್ದು ಇದೇ ಚಿನ್ನದ ಗಣಿಯ ಊರಿನಲ್ಲಿ. ನಮ್ಮ ಕಾಲೇಜುಗಳು ಹುಟ್ಟುವ ದಶಕಗಳ ಮೊದಲೇ ಇಲ್ಲಿ ತಾರತಮ್ಯದ ವಿರುದ್ಧ ಶಾಲೆ ನಡೆಯುತ್ತಿತ್ತು, ಅದರ ಮೇಷ್ಟ್ರುಗಳು ಗಣಿ ಕಾರ್ಮಿಕರೇ ಆಗಿದ್ದರು. ನಿಮ್ಮ ತರಗತಿಯಲ್ಲಿ ಲೈನಿನಿಂದ ಬಂದ ಮಗು ಕೂತಿದ್ದರೆ, ಈ ವಿಷಯದಲ್ಲಿ ಅದರ ಮುತ್ತಜ್ಜ ನಿಮಗಿಂತ ಮೊದಲು ಓದಿದವರಿರಬಹುದು.

ಅವೆಲ್ಲ ಹಳೆಯ ಕಾಲದ ಮಾತು ಎನ್ನುವವರು ನಮ್ಮ ಜಿಲ್ಲೆಯ ಇತ್ತೀಚಿನ ವರ್ಷಗಳನ್ನು ನೋಡಬೇಕು. ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 30ರಷ್ಟಿದ್ದಾರೆ, ಬಂಗಾರಪೇಟೆ, ಕೆ.ಜಿ.ಎಫ್. ಎರಡೂ ಮೀಸಲು ವಿಧಾನಸಭಾ ಕ್ಷೇತ್ರಗಳು. ಹಾಗಿದ್ದೂ 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲು ಮುಟ್ಟಿದನೆಂದು ದಲಿತ ಬಾಲಕನೊಬ್ಬನ ಕುಟುಂಬಕ್ಕೆ 60 ಸಾವಿರ ರೂಪಾಯಿ ದಂಡ ಹಾಕಿದರು. 2023ರ ಡಿಸೆಂಬರಿನಲ್ಲಿ ಅದೇ ತಾಲ್ಲೂಕಿನ ಯಲುವಹಳ್ಳಿಯ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬೆಳಕಿಗೆ ಬಂತು. ಎರಡನೆಯದನ್ನು ಓದುವಾಗ ವಿಲ್ಸನ್ ಅವರ ಬಾಲ್ಯವನ್ನು ನೆನಪಿಸಿಕೊಳ್ಳಿ. ಯಾರ ಮಕ್ಕಳನ್ನು ಅಂಥ ಗುಂಡಿಗೆ ಇಳಿಸಬಹುದು, ಯಾರ ಮಕ್ಕಳನ್ನು ಇಳಿಸುವ ಯೋಚನೆಯೇ ಬರುವುದಿಲ್ಲ ಎಂಬ ಲೆಕ್ಕವನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ.

ಈಗ ಕಾಲೇಜಿನೊಳಗೆ ಬನ್ನಿ. ಇಲ್ಲಿ ದಂಡ ಹಾಕುವವರಿಲ್ಲ, ತಟ್ಟಿ ಗೋಡೆಯೂ ಇಲ್ಲ. ಆದರೆ ಲೈನು ಎಳೆಯುವುದು ಮೊದಲ ವಾರದಲ್ಲೇ ಶುರುವಾಗುತ್ತದೆ, ಅದೂ ಕುಶಲ ಪ್ರಶ್ನೆಯ ರೂಪದಲ್ಲಿ. ‘ನೀವು ಯಾವ ಕಡೆಯವರು?’ ‘ಬೇತಮಂಗಲ ಅಂದ್ರಾ, ಊರೊಳಗೋ ಕಾಲೊನಿಯೋ?’ ‘ಮನೆದೇವರು ಯಾವುದು?’ ‘ಅಪ್ಪನ ಹೆಸರು ಪೂರ್ತಿ ಹೇಳು.’ ಕೇಳುವವರಿಗೆ ಇದು ಪರಿಚಯದ ಮಾತು. ಉತ್ತರ ಕೊಡಬೇಕಾದ ಹುಡುಗಿಗೆ ಇದು ತಪಾಸಣೆ. ಅವಳಿಗೆ ಈ ಪ್ರಶ್ನೆಗಳ ಕೊನೆ ಎಲ್ಲಿಗೆ ಮುಟ್ಟುತ್ತದೆಂದು ಚಿಕ್ಕಂದಿನಿಂದ ಗೊತ್ತು. ಆಮೇಲೆ ಕಚೇರಿ. ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ಅದು ನ್ಯಾಯ. ಆದರೆ ತರಗತಿಯ ಬಾಗಿಲಲ್ಲಿ ನಿಂತು ‘ಎಸ್ಸಿ ಎಸ್ಟಿಯವರೆಲ್ಲ ಎದ್ದು ನಿಲ್ರಪ್ಪಾ’ ಎಂದು ಕರೆಯುವುದು ಯಾವ ನ್ಯಾಯ? ಆ ಗುಮಾಸ್ತರಿಗೆ ಯಾರ ಮೇಲೂ ದ್ವೇಷವಿಲ್ಲ, ಕೊನೆಯ ದಿನಾಂಕದೊಳಗೆ ಕೆಲಸ ಮುಗಿಯಬೇಕು, ಅಷ್ಟೆ. ಆ ಮಕ್ಕಳಲ್ಲಿ ಕೆಲವರು ಎದ್ದು ನಿಲ್ಲುವುದಕ್ಕಿಂತ ವಿದ್ಯಾರ್ಥಿವೇತನವನ್ನೇ ಬಿಟ್ಟುಬಿಡುತ್ತಾರೆ. ಮೊಬೈಲಿಗೆ ಒಬ್ಬೊಬ್ಬರಿಗೇ ಸಂದೇಶ ಕಳಿಸಿದರೆ ಕೆಲಸವೂ ಆಗುತ್ತದೆ, ಮಾನವೂ ಉಳಿಯುತ್ತದೆ.

2012ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆ ಕುರಿತು ನಿಯಮಗಳನ್ನು ಹೊರಡಿಸಿತು. ಸಾಮಾನ್ಯವಾಗಿ ಇಂಥ ಕಡತಗಳನ್ನು ಯಾರೂ ಓದುವುದಿಲ್ಲ, ಇದನ್ನು ಓದಿ. ಬರೆದವರಿಗೆ ತರಗತಿ ಗೊತ್ತಿತ್ತು. ಮಕ್ಕಳ ಜಾತಿಯನ್ನು ತರಗತಿಯಲ್ಲಿ ಕೂಗಿ ಹೇಳಬಾರದು, ಮೀಸಲಾತಿಯವರೆಂದು ಹಣೆಪಟ್ಟಿ ಹಚ್ಚಬಾರದು, ಅಂಕ ಕಡಿಮೆ ಬಂದರೆ ಹುಟ್ಟಿದ ಜಾತಿಯನ್ನೋ ಪ್ರದೇಶವನ್ನೋ ಎತ್ತಿ ಆಡಬಾರದು, ಪ್ರಯೋಗಾಲಯದಲ್ಲಿ ಗುಂಪಿಗೆ ಸೇರಿಸಿಕೊಳ್ಳದೆ ಸುಮ್ಮನೆ ನಿಲ್ಲಿಸಬಾರದು, ಅಧ್ಯಾಪಕರನ್ನು ಭೇಟಿಯಾಗಲು ಒಬ್ಬರಿಗೊಂದು ಸಮಯ ಇನ್ನೊಬ್ಬರಿಗೊಂದು ಸಮಯ ಕೊಡಬಾರದು ಎಂದೆಲ್ಲ ಅಲ್ಲಿದೆ. ಇವು ಕಲ್ಪನೆಯಿಂದ ಬರೆದವಲ್ಲ. ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ವಿಚಾರಣೆ ನಡೆಸಿದ ಥೋರಟ್ ಸಮಿತಿಯ 2007ರ ವರದಿಯಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಹಾಸ್ಟೆಲಿನ ಕೆಲವೇ ಮಹಡಿಗಳಿಗೆ ಒತ್ತರಿಸಲ್ಪಟ್ಟದ್ದು, ಆಟಗಳಿಂದ ದೂರ ಉಳಿದದ್ದು, ಅಧ್ಯಾಪಕರ ಒಡನಾಟ ಸಿಗದೆ ಹೋದದ್ದು ದಾಖಲಾಗಿತ್ತು. ದೇಶದ ಅತಿ ಬುದ್ಧಿವಂತರು ಎನಿಸಿಕೊಂಡವರು ಓದುವ ಜಾಗ ಅದು. ನಿಯಮ ಬಂದು ನಾಲ್ಕು ವರ್ಷ ತುಂಬುವ ಮೊದಲೇ, 2016ರ ಜನವರಿ 17ರಂದು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಜಾತಿ ತಾರತಮ್ಯದ ಆರೋಪಗಳ ನಡುವೆ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡರು; 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ, ಅಂಥವೇ ಆರೋಪಗಳ ನಡುವೆ, ಯುವ ವೈದ್ಯೆ ಡಾ. ಪಾಯಲ್ ತಡ್ವಿ. ಆ ನಿಯಮಗಳನ್ನು ನಿಜವಾಗಿ ಜಾರಿ ಮಾಡಿ ಎಂದು ಕೇಳಲು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಇಬ್ಬರ ತಾಯಂದಿರು, ರಾಧಿಕಾ ವೇಮುಲ ಮತ್ತು ಅಬೇದಾ ತಡ್ವಿ.

ನಮ್ಮ ಭಾಗದ ತರಗತಿಯಲ್ಲಿ ಜಾತಿಯ ಜೊತೆ ಭಾಷೆಯೂ ಹೆಣೆದುಕೊಂಡಿದೆ. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು. ಬೇರೆಯವರು ಅಸೂಯೆಪಡುವಂಥ ಸಂಪತ್ತು ಇದು. ಆದರೆ ಜಗಳ ಬಂದಾಗ ತಮಿಳರನ್ನು ಹಂಗಿಸುವ ‘ಕೊಂಗ’ ಎಂಬ ಮಾತು ಎಷ್ಟು ಬೇಗ ಹೊರಬೀಳುತ್ತದೆಂದು ಈ ಊರಿನವರಿಗೆ ಗೊತ್ತು. ಐದು ತಲೆಮಾರು ಇದೇ ಮಣ್ಣಿನಲ್ಲಿ ದುಡಿದು, ಇಲ್ಲೇ ಸತ್ತು, ಇಲ್ಲೇ ಮಣ್ಣಾದವರ ಮೊಮ್ಮಗನನ್ನು ಹೊರಗಿನವನು ಎನ್ನಲು ಒಂದು ಪದ ಸಾಕಾಗುತ್ತದೆ. ನಾನು ಕನ್ನಡ ಪ್ರೀತಿಸುವವ. ಮಕ್ಕಳೆಲ್ಲ ಚೆನ್ನಾಗಿ ಕನ್ನಡ ಕಲಿಯಬೇಕೆಂದು ಹಟ ಹಿಡಿಯುವವ. ಅವಮಾನ ಮಾಡಿ ಯಾರಿಗೂ ಭಾಷೆ ಕಲಿಸಲಾಗದು ಎಂಬುದನ್ನು ತರಗತಿಯಲ್ಲೇ ಕಂಡಿದ್ದೇನೆ.

ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಓದಲು, ದುಡಿಯಲು ಹೋಗುವ ನಮ್ಮ ಮಕ್ಕಳು ಅಲ್ಲಿ ಬೇರೆ ಮುಖಗಳನ್ನು ನೋಡುತ್ತಾರೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಕಟ್ಟಿಕೊಂಡು ನಿಂತಿದ್ದರು. 2016ರ ಜನವರಿ ಕೊನೆಯಲ್ಲಿ ನಗರದ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು; ಬೇರೊಬ್ಬ ಆಫ್ರಿಕನ್ ಓಡಿಸುತ್ತಿದ್ದ ಕಾರಿನ ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ, ಬಣ್ಣ ಒಂದೇ ಎಂಬುದನ್ನು ಬಿಟ್ಟರೆ. ಕೂಲಿಯವರೆಲ್ಲ ಕಳ್ಳರು ಎಂದ ಗಣಿ ಆಡಳಿತದ ಯೋಚನೆಗೂ ಆ ಗುಂಪಿನ ಯೋಚನೆಗೂ ಏನು ಹೋಲಿಕೆ ಎಂದು ಮಕ್ಕಳನ್ನೇ ಕೇಳಿ. ಅವರು ಉತ್ತರ ಹುಡುಕುತ್ತಾರೆ, ಸ್ವಲ್ಪ ಕಾಯಬೇಕು.

ಈ ಪಾಠ ಮಾಡುವಾಗ ಒಂದು ಹಂತದಲ್ಲಿ ಯಾರಾದರೂ ಎದ್ದು ಕೇಳುತ್ತಾರೆ: ‘ಸಾರ್, ನಮ್ಮಪ್ಪನೂ ಬಡವರೇ. ನಾನು ಯಾರಿಗೂ ಏನೂ ಮಾಡಿಲ್ಲ. ನನ್ನದೇನು ತಪ್ಪು?’ ಹೊಸ ಅಧ್ಯಾಪಕರು ಇಲ್ಲಿ ಅವಸರಪಡಬಾರದು. ಆ ಹುಡುಗನ ಬಾಯಿ ಮುಚ್ಚಿಸಿದರೆ ಅವನು ಇನ್ನು ಮೂರು ವರ್ಷ ಮಾತಾಡುವುದಿಲ್ಲ, ಮನಸ್ಸಿನಲ್ಲಿ ಗಟ್ಟಿಯಾಗುತ್ತಾನೆ. ಅವನ ಬಡತನ ನಿಜ ಎಂದು ಮೊದಲು ಒಪ್ಪಿಕೊಳ್ಳಿ. ಆಮೇಲೆ ಕೇಳಿ: ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿಯ ಮುಂದೆ ನೀವೆಲ್ಲ ಒಟ್ಟಿಗೆ ನಿಲ್ಲುತ್ತೀರಿ. ಅದೇ ಗೆಳೆಯರಲ್ಲಿ ಯಾರ ಮನೆಯ ಅಡುಗೆಮನೆಯವರೆಗೆ ಹೋಗಿದ್ದೀಯ? ನಿನ್ನ ಅಡುಗೆಮನೆಯವರೆಗೆ ಯಾರು ಬಂದಿದ್ದಾರೆ? ಕಾಲೇಜಿನ ಹತ್ತಿರ ರೂಮು ಹುಡುಕಿದಾಗ ಓನರ್ ನಿನ್ನನ್ನು ಏನು ಕೇಳಿದರು, ಅವನನ್ನು ಏನು ಕೇಳಿದರು? ತಪ್ಪಿತಸ್ಥ ಭಾವನೆ ಹುಟ್ಟಿಸುವುದು ಇಲ್ಲಿ ನಮಗೆ ಬೇಕಿಲ್ಲ. ಬಡತನದ ಜೊತೆ ಇನ್ನೊಂದು ಭಾರ ಹೊತ್ತವನು ಪಕ್ಕದಲ್ಲೇ ಕೂತಿದ್ದಾನೆಂದು ಅವನಿಗೆ ತಿಳಿದರೆ ಸಾಕು. ಹಾಗೆಯೇ, ಉದಾಹರಣೆ ಕೊಡು ಎಂದು ದಲಿತ ವಿದ್ಯಾರ್ಥಿಯನ್ನು ಎಬ್ಬಿಸಿ ನಿಲ್ಲಿಸಬೇಡಿ. ತನ್ನ ನೋವನ್ನು ಎಲ್ಲರ ಪಾಠಕ್ಕೆ ಒದಗಿಸುವ ಬಾಧ್ಯತೆ ಅವನಿಗಿಲ್ಲ.

ಸಿಬ್ಬಂದಿಯೂ ತಮ್ಮ ಕೆಲಸದ ಏರ್ಪಾಡನ್ನು ತಾವೇ ನೋಡಿಕೊಳ್ಳಬೇಕು. ಸ್ವಚ್ಛತೆಯ ಕೆಲಸಕ್ಕೆ ಹೊರಗುತ್ತಿಗೆಯಲ್ಲಿ ಬಂದವರೆಲ್ಲ ಒಂದೇ ಸಮುದಾಯದವರೇಕೆ? ಅವರು ಕೂತು ಊಟ ಮಾಡಲು ಜಾಗ ಎಲ್ಲಿದೆ? ಸ್ಟಾಫ್ ರೂಮಿನ ಲೋಟಗಳಲ್ಲಿ ಅವರಿಗೆ ಬೇರೆ ಲೋಟ ಇದೆಯೆ? ಆಂತರಿಕ ಅಂಕ, ಮೌಖಿಕ ಪರೀಕ್ಷೆಯ ಅಂಕಗಳನ್ನು ಹೆಸರು ಮುಚ್ಚಿದ ಲಿಖಿತ ಪರೀಕ್ಷೆಯ ಅಂಕಗಳ ಪಕ್ಕದಲ್ಲಿಟ್ಟು ಯಾರಾದರೂ ನೋಡಿದ್ದಾರೆಯೆ? ನನ್ನ ಅನುಭವದಲ್ಲಿ ಕೊನೆಯ ಪ್ರಶ್ನೆಗೆ ಸಿಬ್ಬಂದಿ ಸಭೆಯಲ್ಲಿ ಮೌನ ಹೆಚ್ಚು, ಆದ್ದರಿಂದ ಅದನ್ನು ಪ್ರತಿವರ್ಷ ಕೇಳಬೇಕು.

ಕೊನೆಗೆ ದೂರಿನ ವಿಷಯ, ವಿದ್ಯಾರ್ಥಿಗಳಿಗಾಗಿ. 2012ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಸಮಾನ ಅವಕಾಶ ಕೋಶ ಇರಬೇಕು, ಹಿರಿಯ ಅಧ್ಯಾಪಕರೊಬ್ಬರು ತಾರತಮ್ಯ ವಿರೋಧಿ ಅಧಿಕಾರಿಯಾಗಿರಬೇಕು. ಅವರ ಹೆಸರು ನೋಟಿಸ್ ಬೋರ್ಡಿನಲ್ಲಿ ಕಾಣದಿದ್ದರೆ ಪ್ರಾಂಶುಪಾಲರನ್ನು ಬರವಣಿಗೆಯಲ್ಲಿ ಕೇಳಿ. ದೂರನ್ನು ನಿಮಗೆ ಬರುವ ಭಾಷೆಯಲ್ಲಿ, ನಡೆದದ್ದು ನಡೆದಂತೆ ಬರೆಯಿರಿ: ದಿನಾಂಕ, ಜಾಗ, ಆಡಿದ ಮಾತು, ಅಲ್ಲಿದ್ದವರ ಹೆಸರು. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಂಡು ಜೋಪಾನವಾಗಿಡಿ. 60 ದಿನಗಳೊಳಗೆ ತೀರ್ಮಾನ ಆಗಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಜಾತಿ ಹಿಡಿದು ಸಾರ್ವಜನಿಕವಾಗಿ ನಿಂದಿಸಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ಠಾಣೆಗೂ ಹೋಗಬಹುದು. ಕಾಲೇಜಿನಲ್ಲಿ ವಿಚಾರಣೆ ನಡೆಯುತ್ತಿದೆ ಎಂಬ ಕಾರಣಕ್ಕೆ ಯಾರೂ ಅದನ್ನು ತಡೆಯುವಂತಿಲ್ಲ. ಒಬ್ಬರೇ ಹೋಗಬೇಡಿ, ನಂಬುವ ಗೆಳೆಯರನ್ನೋ ಅಧ್ಯಾಪಕರನ್ನೋ ಜೊತೆಗೆ ಕರೆದುಕೊಳ್ಳಿ.

ಮುಂದಿನ ವಾರದ ತರಗತಿಗೆ ಬರುವಾಗ ಅಧ್ಯಾಪಕರು ತಮ್ಮ ವಿಭಾಗದ ಕಳೆದ ವರ್ಷದ ಅಂಕಪಟ್ಟಿ ತರಲಿ, ಕಚೇರಿಯವರು ವಿದ್ಯಾರ್ಥಿಗಳಿಂದ ತುಂಬಿಸಿಕೊಳ್ಳುವ ಅರ್ಜಿಗಳ ಒಂದೊಂದು ಖಾಲಿ ನಕಲು ತರಲಿ. ಒಟ್ಟಿಗೆ ಕೂತು ಸಾಲು ಸಾಲಾಗಿ ಓದೋಣ.